ಕೆಂಪು ದಾರ ಕಪ್ಪಾದ ಕಥೆ

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನರಿಗೆ ಈಜು ಬರುತ್ತದೆ? ನಾನು ನಿಮ್ಮಷ್ಟು ಇದ್ದಾಗ ನಮ್ಮೂರ ಹುಡುಗರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಬುರುಡೆಯೊಳಗಿನ ಗಾಳಿ ಅವರನ್ನು ತೇಲಿಸುತ್ತಿತ್ತು. ನನಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಅದಕ್ಕೆ ಕಾರಣ ನಾಲೆ.

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿದೆ. ಕೃಷ್ಣರಾಜಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಒಂದು ಕವಲು ಊರ ಪಕ್ಕದಲ್ಲೇ ಹರಿಯುತ್ತದೆ. ಐದನೆಯ ತರಗತಿಯಲ್ಲಿದ್ದಾಗ ಒಂದು ದಿನ ಕಾಲು ತೊಳೆಯಲು ಇಳಿದೆ. ಪಾಚಿ ಕಟ್ಟಿದ್ದ ಕಲ್ಲು ಜಾರಿತು. ನೀರು ಸೊಂಟದ ಮಟ್ಟಕ್ಕಷ್ಟೇ ಇತ್ತು. ಆದರೂ ನಿಲ್ಲಲು ಆಗಲಿಲ್ಲ. ಏಕೆ ಗೊತ್ತೆ? ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ನಮ್ಮನ್ನು ತಳ್ಳುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಕಣ್ಣು ಬಿಟ್ಟರೆ ಎಲ್ಲವೂ ಮಸುಕು, ಮಣ್ಣಿನ ಬಣ್ಣ. ಗದ್ದೆಗೆ ನೀರು ಕಟ್ಟುತ್ತಿದ್ದವರೊಬ್ಬರು ಕೂದಲು ಹಿಡಿದು ನನ್ನನ್ನು ದಡಕ್ಕೆ ಎಳೆದುಹಾಕಿದರು.

"ಇನ್ಮೇಲೆ ನೀರ್ ತಾವ್ಕೆ ಹೋದ್ರೆ ನೋಡು" ಎಂದಳು ಅವ್ವ. ಮುಂದೆ ಎಷ್ಟೋ ವರ್ಷ ನಾನು ಹೋಗಲಿಲ್ಲ.

ಆದರೆ ಆ ಮಸುಕು ನನ್ನ ತಲೆಯಲ್ಲೇ ಉಳಿಯಿತು. ಮೀನಿಗೆ ಕಾಣುವುದು ನನಗೇಕೆ ಕಾಣಲಿಲ್ಲ? ಉತ್ತರ ಸಿಕ್ಕಿದ್ದು ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ. ಗಾಳಿಯಿಂದ ಬಂದ ಬೆಳಕು ನಮ್ಮ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಹೊಕ್ಕಾಗ ಚೆನ್ನಾಗಿ ಬಾಗುತ್ತದೆ. ನೀರಿನಿಂದ ಬಂದರೆ ಅಷ್ಟಾಗಿ ಬಾಗುವುದಿಲ್ಲ. ಹಾಗಾಗಿ ಚಿತ್ರ ಸ್ಪಷ್ಟವಾಗಿ ಮೂಡುವುದಿಲ್ಲ. ಕಣ್ಣಿನ ಮುಂದೆ ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟುಕೊಂಡರೆ ಸಾಕು! ಮುಳುಗುಗಾರರು ಹಾಕುವ ಗಾಜಿನ ಮುಖವಾಡದ ಕೆಲಸ ಇಷ್ಟೇ. ನೀವೂ ಒಂದು ಪ್ರಯೋಗ ಮಾಡಿ. ಲೋಟದ ತಳಕ್ಕೆ ಕಾಗದದ ಉಂಡೆ ತುರುಕಿ, ಲೋಟವನ್ನು ಬೋರಲು ಮಾಡಿ ಬಕೆಟ್ ನೀರಿನಲ್ಲಿ ನೇರವಾಗಿ ಮುಳುಗಿಸಿ, ಹಾಗೆಯೇ ಮೇಲೆತ್ತಿ. ಕಾಗದ ಒದ್ದೆಯಾಗಿದೆಯೇ ನೋಡಿ.

ಮೂವತ್ತು ದಾಟಿದ ಮೇಲೆ ನಾನು ಈಜುಕೊಳದಲ್ಲಿ ಈಜು ಕಲಿತೆ. ನಂತರ ಧೈರ್ಯ ಮಾಡಿ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರಕ್ಕೆ ಹೊರಟೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ಸಮುದ್ರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ನಮ್ಮ ರಾಜ್ಯದಲ್ಲಿ ಸ್ಕೂಬಾ ಮುಳುಗಾಟಕ್ಕೆ ಹೆಸರಾದ ಜಾಗ ಅದು. ಹೊರಡುವಾಗ ಅವ್ವ ಜಗಳವಾಡಲಿಲ್ಲ. ದೇವರ ಮುಂದಿಟ್ಟಿದ್ದ ಕೆಂಪು ದಾರ ತಂದು ನನ್ನ ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿದಳು, ಅಷ್ಟೆ.

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿಯೇ. ಅದನ್ನು ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಎರಡು ಮೀಟರ್ ಇಳಿಯುವಷ್ಟರಲ್ಲೇ ನನ್ನ ಕಿವಿ ನೋಯತೊಡಗಿತು. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿದಾಗ ಸರಿಹೋಯಿತು. ತರಬೇತುದಾರರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: "ಉಸಿರು ಹಿಡಿಯಬೇಡಿ." 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಹಿಡಿದರೆ ಶ್ವಾಸಕೋಶವೇ ಹರಿಯಬಹುದು. ಇನ್ನೊಂದು ತಮಾಷೆ ಕೇಳಿ. ಅಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರೆ ‘ಭೇಷ್’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ! ಖುಷಿಯಲ್ಲಿ ನಾನು ಎತ್ತಿಬಿಟ್ಟೆ. ನನ್ನನ್ನು ಮೇಲಕ್ಕೆ ಕರೆದುಕೊಂಡೇ ಬಂದರು.

ಎರಡನೆಯ ಸಲ ಇಳಿದಾಗ ಬಂಡೆಯ ಸಂದಿಯಲ್ಲಿ ಗಿಳಿಮೀನುಗಳು, ಚಿಟ್ಟೆಮೀನುಗಳು ಕಂಡವು. ನಾಲೆಯ ಮಸುಕು ಅಲ್ಲಿರಲಿಲ್ಲ. ನೀರು ಹೋಗದ ಪೆಟ್ಟಿಗೆಯೊಳಗಿನ ಕ್ಯಾಮೆರಾದಿಂದ ಒಂದಷ್ಟು ಫೋಟೊ ತೆಗೆದೆ.

ಊರಿಗೆ ಬಂದು ಅವ್ವನಿಗೆ ತೋರಿಸಿದೆ. ಅವಳು ಮೀನು ನೋಡಲೇ ಇಲ್ಲ, ನನ್ನ ಕೈ ನೋಡಿದಳು. "ನಾ ಕಟ್ಟಿದ್ದು ಕೆಂಪು ದಾರ. ಇದ್ಯಾರ್ಲಾ ಕರೇದು ಕಟ್ಟಿರೋದು?" ಎಂದು ಗಾಬರಿಯಾದಳು. ನಿಜ, ಫೋಟೊದಲ್ಲಿ ದಾರ ಕಪ್ಪಗಿತ್ತು.

ಸೂರ್ಯನ ಬೆಳಕಿನಲ್ಲಿ ಏಳು ಬಣ್ಣಗಳಿವೆಯಲ್ಲವೆ? ನೀರು ಅವುಗಳಲ್ಲಿ ಕೆಂಪನ್ನು ಮೊದಲು ಹೀರಿಬಿಡುತ್ತದೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮುಗಿದಿರುತ್ತದೆ. ಬೆಳಕಿನಲ್ಲೇ ಕೆಂಪಿಲ್ಲದಿದ್ದರೆ ಕೆಂಪು ದಾರ ತಾನೆ ಏನನ್ನು ಪ್ರತಿಫಲಿಸೀತು? 1926ರಲ್ಲಿ ಅಮೆರಿಕದ ಲಾಂಗ್ಲಿ ಮತ್ತು ಮಾರ್ಟಿನ್ ಎಂಬುವರು ನೀರೊಳಗಿನ ಮೊದಲ ಬಣ್ಣದ ಚಿತ್ರಗಳನ್ನು ತೆಗೆದಾಗ, ನೀರಿನ ಮೇಲೆ ಮೆಗ್ನೀಸಿಯಂ ಪುಡಿ ಉರಿಸಿ ಬೆಳಕು ಮಾಡಿಕೊಳ್ಳಬೇಕಾಯಿತು. ನಾನು ಇದನ್ನೆಲ್ಲ ವಿವರಿಸಿದೆ. ಅವ್ವ ಸ್ವಲ್ಪ ಯೋಚಿಸಿ, "ಹಂಗಾದ್ರೆ ಬ್ಯಾಟ್ರಿ ತಕಂಡೋಗು" ಎಂದಳು. ಮುಂದಿನ ಸಲ ನೀರಿನೊಳಗೆ ಉರಿಯುವ ಬ್ಯಾಟರಿ ಕೊಂಡೊಯ್ದೆ. ಹತ್ತಿರದಿಂದ ಬೆಳಕು ಬಿಟ್ಟರೆ ದಾರ ಕೆಂಪಾಗಿಯೇ ಬಂತು.

ನಮ್ಮ ಕಾವೇರಿಯಲ್ಲೇ ಇಳಿದು ಫೋಟೊ ತೆಗೆಯಬಾರದೆ ಎಂದು ನೀವು ಕೇಳಬಹುದು. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆಯ ಕಾವೇರಿಗೆ ಹೆಸರು ತಂದದ್ದು ಗೂನುಬೆನ್ನಿನ ಮಹಶೀರ್ ಮೀನು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲದ ಈ ಮೀನು 50 ಕೆ.ಜಿ.ಗೂ ಹೆಚ್ಚು ತೂಗಬಲ್ಲದು. ಇದರ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಎಂದು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಾಗಲೇ ಅದು ಅಳಿವಿನ ಅಂಚಿಗೆ ಬಂದಿತ್ತು. ಅದರ ಫೋಟೊ ತೆಗೆಯುವ ಆಸೆ ನನಗೂ ಇದೆ. ಆದರೆ ಮುತ್ತತ್ತಿಯ ಸುಳಿಗಳಲ್ಲಿ ಈಜು ಬಲ್ಲವರೂ ಮುಳುಗಿ ಸತ್ತಿದ್ದಾರೆ. ಆ ಆಸೆಯನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಅದರ ಬದಲು ನಮ್ಮೂರ ಕೆರೆಯ ದಡದಲ್ಲಿ ಕುಳಿತು ಒಂದು ಚಿಕ್ಕ ಗಾಜಿನ ತೊಟ್ಟಿಯನ್ನು ಅರ್ಧ ಮುಳುಗಿಸಿ, ಅದರೊಳಗೆ ಮೊಬೈಲ್ ಇಟ್ಟು ಚಿತ್ರ ತೆಗೆಯುತ್ತೇನೆ. ನೀರಿಗೆ ಇಳಿಯಬೇಕಾಗಿಲ್ಲ. ಹೆಚ್ಚಿನ ದಿನ ಬರೀ ಕೆಸರು ಬರುತ್ತದೆ. ಒಂದು ಬೆಳಿಗ್ಗೆ ಮಾತ್ರ ಜಿಲೇಬಿ ಮೀನೊಂದು ಸಿಕ್ಕಿತು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ಮೀನು ಇದು. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ನನ್ನ ನೆರಳು ಬಿದ್ದದ್ದೇ ತಡ, ಸುತ್ತ ಆಡುತ್ತಿದ್ದ ಮರಿಗಳೆಲ್ಲ ತಾಯಿಯ ಬಾಯೊಳಗೆ ನುಗ್ಗಿದವು.

ಅವ್ವ ಆ ವಿಡಿಯೊವನ್ನು ಮೂರು ಸಲ ನೋಡಿದಳು.

"ಎಷ್ಟ್ ದಿನ ಹಿಂಗೆ ಬಾಯಾಗ್ ಇಟ್ಕಂಡಿರ್ತದೆ?"

"ಹೆಚ್ಚೆಂದರೆ ಮೂರು ವಾರ" ಎಂದೆ.

"ಅಷ್ಟೇಯಾ?" ಎಂದಳು.