ತಟ್ಟೆಯೊಳಗಿನ ಅಡುಗೆಮನೆ

ಬೋನ್ಸಾಯ್ ಕಂಡೊಡನೆ ‘ಅಯ್ಯೋ ಪಾಪ, ಹೊಟ್ಟೆಗಿಕ್ಕದೆ ಕುಳ್ಳಾಗಿಸಿದ್ದಾರೆ’ ಎಂದು ಮರುಗುವವರುಂಟು. ಆದರೆ ಮರ ಕುಬ್ಜವಾಗುವುದು ಬೇರು, ಕುಡಿಗಳನ್ನು ಆಗಾಗ ಸವರುವುದರಿಂದ. ಉಪವಾಸ ಕೆಡವಿದ ಬೋನ್ಸಾಯ್ ಸೊರಗಿ ಸಾಯುತ್ತದೆ, ಅಷ್ಟೆ.

ನೆಲದ ಮೇಲಿನ ಆಲ ಆಹಾರ ಅರಸಿ ಬೇರನ್ನು ದೂರಕ್ಕೆ ಚಾಚಬಲ್ಲದು. ಮೂರಂಗುಲ ಆಳದ ತಟ್ಟೆಯಲ್ಲಿ ನಿಂತ ಆಲಕ್ಕೆ ಆ ಅನುಕೂಲವೆಲ್ಲಿ? ನಿತ್ಯ ಹಾಕುವ ನೀರು ಇದ್ದಬದ್ದ ಲವಣಗಳನ್ನೂ ತೊಳೆದು ತಳದ ತೂತಿನಿಂದ ಹೊರಗೊಯ್ಯುತ್ತದೆ. ಆದ್ದರಿಂದ ಗೊಬ್ಬರ ಬೇಕೇ ಬೇಕು. ಪ್ರಶ್ನೆ ಇರುವುದು ಎಷ್ಟು, ಹೇಗೆ ಎಂಬುದರಲ್ಲಿ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಬೇಗ ಹಸಿರಾಗಲೆಂಬ ಆಸೆಯಿಂದ ಅದನ್ನು ಚಮಚಗಟ್ಟಲೆ ಸುರಿದರೆ ಎಲೆಯಂಚು ಸುಟ್ಟಂತಾಗುತ್ತದೆ. ಗಟ್ಟಿ ಉಪ್ಪುನೀರಿನಲ್ಲಿ ದ್ರಾಕ್ಷಿ ಸುಕ್ಕಾಗುವ ಅಭಿಸರಣೆಯ ಪ್ರಯೋಗವನ್ನು ವಿದ್ಯಾರ್ಥಿಗಳು ನೆನಪಿಸಿಕೊಳ್ಳಲಿ. ಇಲ್ಲಿ ಬೇರೇ ಆ ದ್ರಾಕ್ಷಿ. ನೀರನ್ನು ಹೀರಬೇಕಾದ ಬೇರು ತನ್ನ ನೀರನ್ನೇ ಕಳೆದುಕೊಳ್ಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ವರ್ಷದ ಪಾಠವನ್ನೆಲ್ಲ ತುರುಕುವ ಮನೆಗಳಿಗೂ ಈ ಮಾತು ಅನ್ವಯಿಸೀತು.

ಜಪಾನಿನ ಅನುಭವಸ್ಥರು ಸಾಸಿವೆ ಜಾತಿಯ ಎಣ್ಣೆಕಾಳಿನ ಹಿಂಡಿಯನ್ನು ಬಳಸುತ್ತಾರೆ. ಕರ್ನಾಟಕದಲ್ಲಿ ಬೇವು, ಹೊಂಗೆಯ ಹಿಂಡಿಗಳಿವೆ. ಬೇರು ಹಿಂಡಿಯನ್ನು ನೇರವಾಗಿ ಉಣ್ಣಲಾರದು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಅಮೋನಿಯಾ ಮಾಡುತ್ತವೆ. ನೈಟ್ರೊಸೊಮೊನಾಸ್ ಅದನ್ನು ನೈಟ್ರೈಟಾಗಿ, ನೈಟ್ರೊಬ್ಯಾಕ್ಟರ್ ನೈಟ್ರೇಟಾಗಿ ಬದಲಿಸುತ್ತವೆ. ಈ ಅಡುಗೆ ನಿಧಾನ, ಆದ್ದರಿಂದ ಬಡಿಸುವುದೂ ತುಸುತುಸುವೇ.

ಇನ್ನೊಬ್ಬ ನೆಂಟ ಮೈಕೊರೈಜಾ. ಬೇರು ಮತ್ತು ಶಿಲೀಂಧ್ರದ ಈ ಕೂಡುಬಾಳಿಗೆ 1885ರಲ್ಲಿ ಹೆಸರಿಟ್ಟವನು ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್. ಬೇರು ನುಸುಳದ ಸಂದಿಗಳಿಂದ ಶಿಲೀಂಧ್ರ ರಂಜಕ ತಂದುಕೊಡುತ್ತದೆ. ಮರ ಸಕ್ಕರೆಯಿಂದ ಋಣ ತೀರಿಸುತ್ತದೆ. ರಂಜಕದ ಗೊಬ್ಬರ ಅತಿಯಾದರೆ ಈ ನಂಟು ಸಡಿಲವಾಗುತ್ತದೆ.

ಈ ಜೀವಿಗಳಿಗೆ ಉಸಿರಾಡಲು ಗಾಳಿ ಬೇಕು. ಬರಿಯ ಜೇಡಿಮಣ್ಣು ನೀರು ಹಿಡಿದು ಅವನ್ನು ಉಸಿರುಗಟ್ಟಿಸುತ್ತದೆ. ಇಟ್ಟಿಗೆ ಚೂರು, ದಪ್ಪ ಮರಳು, ಎಲೆಗೊಬ್ಬರ ಬೆರೆತ ಸಡಿಲ ಮಣ್ಣು ಒಳ್ಳೆಯದು. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಬದಲಿಸುವಾಗ ಆರೋಗ್ಯವಂತ ಗಿಡದ ಹಳೆಯ ಮಣ್ಣನ್ನು ಒಂದು ಹಿಡಿ ಹೊಸದಕ್ಕೆ ಸೇರಿಸಿದರೆ ಒಕ್ಕಲು ಮುಂದುವರಿಯುತ್ತದೆ. ಹೊಸ ಬೇರು ಚಿಗುರುವ ತನಕ ಗೊಬ್ಬರ ಬೇಡ.

ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಒಂದು ಬಿಳಿ ಪೈನ್ ಇದೆ. 1625ರಿಂದ ಬೋನ್ಸಾಯ್ ಆಗಿ ಬಾಳುತ್ತಿರುವ ಮರವದು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಾಂಬ್ ಬಿದ್ದಾಗ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ಯಾಮಾಕಿ ಮನೆತನದ ನರ್ಸರಿಯ ಗೋಡೆಯ ಮರೆಯಲ್ಲಿ ಬದುಕುಳಿಯಿತು. 1976ರಲ್ಲಿ ಆ ಮನೆತನ ಅದನ್ನು ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟಿತು. ಅದು ಬಾಂಬಿನಿಂದ ಪಾರಾದ ಮರವೆಂದು ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ನೋಡಲು ಬಂದಾಗ. ಗೋಡೆ ಅದನ್ನು ಕಾಪಾಡಿದ್ದು ಒಂದು ದಿನ. ಉಳಿದ ನಾನೂರು ವರ್ಷ ಕಾಪಾಡಿದ್ದು ತಲೆಮಾರುಗಳ ಕೈಗಳು ಮತ್ತು ಒಂದು ತಟ್ಟೆ ಜೀವಂತ ಮಣ್ಣು.