ಅಲ್ಲದ ಚಹಾ

ಮದುವೆಯಾಗಿ ಮೈಸೂರಿಗೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ನನ್ನ ಪಾಡಿಗೆ ನಾನು ಒಂದು ಲೋಟ ಚಹಾಕ್ಕೆ ನೀರಿಟ್ಟಿದ್ದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಸ ಸೊಸೆಯನ್ನು ಮಾತಾಡಿಸುವ ಅಕ್ಕರೆಯಿಂದ, "ಟೀಗೆ ಏನು ಹಾಕ್ತೀಯಮ್ಮ?" ಎಂದರು.

"ಅಲ್ಲ ಹಾಕ್ತೇನ್ರಿ" ಎಂದೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏನು ಅಲ್ಲ?"

"ಅಲ್ಲ ರೀ. ಅಲ್ಲ."

"ಅದೇ ಕಣಮ್ಮ, ಏನು ಅಲ್ಲ ಅಂತ?"

ಕೊನೆಗೆ ಬುಟ್ಟಿಯಿಂದ ಹಸಿಶುಂಠಿಯ ಕೊಂಬು ಎತ್ತಿ ತೋರಿಸಬೇಕಾಯಿತು. ಧಾರವಾಡದಲ್ಲಿ ನಾವು ಅದಕ್ಕೆ ಅಲ್ಲ ಎನ್ನುತ್ತೇವೆ, ಹುಟ್ಟಿದಾಗಿನಿಂದ. ಅದು ಇಲ್ಲವೆನ್ನುವ ಮಾತೂ ಹೌದಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದು ಅವತ್ತೇ. ಸಂಜೆ ಈ ಕಥೆ ಮನೆಮಂದಿಗೆಲ್ಲ ಹಬ್ಬಿ, ಮಾವನವರು ನನ್ನ ಲೋಟವನ್ನು "ಅಲ್ಲದ ಚಹಾ" ಎಂದು ಕರೆದರು. ಕಾಫಿಯ ಮನೆಯಲ್ಲಿ ಅದು ಯಾವ ಅರ್ಥಕ್ಕೂ ಸರಿಹೋಗುತ್ತಿತ್ತು.

ಕರ್ನಾಟಕದಲ್ಲಿ ಚಹಾ ಮುಗಿದು ಕಾಫಿ ಶುರುವಾಗುವ ಗಡಿ ಎಲ್ಲಿದೆ ಎಂದು ನಾನು ರೈಲಿನ ಕಿಟಕಿಯಲ್ಲಿ ಕೂತು ಎಷ್ಟೋ ಸಲ ಹುಡುಕಿದ್ದೇನೆ. ಹಾವೇರಿಯ ತನಕ ಅನುಮಾನವಿಲ್ಲ. ದಾವಣಗೆರೆಯಲ್ಲಿ ಎರಡೂ ಕೂಗು ಕೇಳುತ್ತವೆ. ಅರಸೀಕೆರೆ ದಾಟಿದಿರೋ, ಮುಗಿಯಿತು, ಇನ್ನು ಫಿಲ್ಟರಿನ ರಾಜ್ಯ. ನಮ್ಮ ಕಡೆ ಬಂದವರಿಗೆ ಚಹಾ ಕೊಡದೆ ಕಳಿಸಿದರೆ ಅದು ಜಗಳಕ್ಕೆ ಸಮ. ಕಪ್ಪಿನಿಂದ ಬಶಿಗೆ ಸುರುವಿ, ಊದಿ, ಸೊರ್ ಎಂದು ಎಳೆಯುವ ಸದ್ದಿನಲ್ಲಿಯೇ ಅರ್ಧ ಮಾತುಕತೆ ನಡೆಯುತ್ತದೆ. ಇಲ್ಲಿ ನೋಡಿದರೆ ಚಹಾಪುಡಿಯ ಡಬ್ಬಿ ಅಟ್ಟದ ಅಂಚಿನಲ್ಲಿ, ಸೀಗೆಪುಡಿಯ ಪಕ್ಕದಲ್ಲಿ ಇತ್ತು. ಯಾರಿಗಾದರೂ ಜ್ವರ ಬಂದರೆ ಇಳಿಯುತ್ತಿತ್ತು. ಇದೇ ರಾಜ್ಯದ ಕಾಫಿಯ ತವರು ಚಿಕ್ಕಮಗಳೂರಿನಲ್ಲಿ, ಕೆಳಗೂರಿನಲ್ಲಿ, ಚಹಾ ತೋಟವಿದೆ ಎಂದು ಒಮ್ಮೆ ಪುರಾವೆ ಸಮೇತ ಹೇಳಿದೆ. "ಇರಲಿ ಬಿಡಮ್ಮ, ಎಲ್ಲ ಊರಲ್ಲೂ ಎಲ್ಲ ತರಹದವರೂ ಇರ್ತಾರೆ" ಎಂದರು ಅತ್ತೆ.

ಇಷ್ಟೆಲ್ಲ ಪೀಠಿಕೆ ಒಂದು ಚಹಾ ಕೇಕಿನ ಸಲುವಾಗಿ.

ಮಗಳು ಕೆಲಸಕ್ಕೆಂದು ಪುಣೆಗೆ ಹೋಗುವಾಗ ತನ್ನ ಪುಟ್ಟ ಓವನ್ನು, ಏಳಿಂಚಿನ ಎರಡು ತಟ್ಟೆ, ಒಂದು ಹ್ಯಾಂಡ್ ಮಿಕ್ಸರನ್ನು ಬಿಟ್ಟುಹೋದಳು. ಆಷಾಢ ಬಂತು. ಶುಕ್ರವಾರ ಬೆಳಗಾಗುವ ಮೊದಲೇ ಊರಿಗೆ ಊರೇ ಚಾಮುಂಡಿ ಬೆಟ್ಟ ಹತ್ತುತ್ತದೆ, ಮಿಕ್ಕಂತೆ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಹೊರಗೆ ಸೋನೆ, ಒಳಗೆ ಬಿಡುವು. ಕೇಕಿಗೆ ಪಂಚಾಂಗ ಬೇಡ. ಎಲ್ಲಕ್ಕಿಂತ ಮುಖ್ಯ, ಮನೆಯೊಳಗೆ ತಂಪು. ಏಪ್ರಿಲ್ಲಿನಲ್ಲಿ ಬೆಣ್ಣೆಯನ್ನು ಕೇಕಿನ ಮೇಲೆ ನಿಲ್ಲಿಸಲು ಹೋಗಿ ಕೈಸುಟ್ಟುಕೊಂಡಿದ್ದೆ. ಸುಟ್ಟುಕೊಂಡಿದ್ದೆ ಅನ್ನುವುದಕ್ಕಿಂತ ಒರೆಸಿಕೊಂಡಿದ್ದೆ ಅನ್ನಬೇಕು. ಮೂವತ್ನಾಲ್ಕು ಡಿಗ್ರಿಯ ಮಧ್ಯಾಹ್ನ ಮೇಲಿನ ಪದರ ಮೆಲ್ಲಗೆ ಜಾರಿ, ಊಟದ ಮೇಜಿನ ಅಂಚಿಗೆ ಬಂದು, ಏನೋ ಮರೆತವರಂತೆ ನಿಂತುಕೊಂಡಿತ್ತು.

ಅತ್ತೆಗೆ ಕೇಕ್ ಎಂದರೆ ಅಯ್ಯಂಗಾರ್ ಬೇಕರಿಯ ಹನಿ ಕೇಕ್. ಕೆಂಪು ಜಾಮ್, ಮೇಲೆ ಕೊಬ್ಬರಿ ತುರಿ, ಒಳಗೆಲ್ಲ ಸಕ್ಕರೆ ಪಾಕ. ಹಾಸನದ ಕಡೆಯ ಅಯ್ಯಂಗಾರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುಮಾಡಿದ ಒಲೆ ಅದು. ಇವತ್ತು ಆ ಹೆಸರಿನ ಬೋರ್ಡು ಇಲ್ಲದ ಬೀದಿ ಸಿಗುವುದು ಕಷ್ಟ. ಅಯ್ಯಂಗಾರರು ಮಾಡಿದ್ದು ಎಂದಮೇಲೆ ಅದರೊಳಗೆ ಏನಿದೆ, ಏನಿಲ್ಲ ಎಂದು ಕೆದಕಬಾರದು ಎನ್ನುವುದು ಅತ್ತೆಯ ಧರ್ಮಸೂಕ್ಷ್ಮ. ನಮ್ಮ ಒಲೆಯ ಮೇಲೆ ಮಾತ್ರ ಮೊಟ್ಟೆ ಕೂಡದು. ಸರಿ, ಮೊಟ್ಟೆಯ ಕೆಲಸ ಮೊಸರು ಮಾಡುತ್ತದೆ. ಮುನ್ನೂರು ಗ್ರಾಂ ಮೈದಾಕ್ಕೆ ಮುನ್ನೂರೈವತ್ತು ಗ್ರಾಂ ಮೊಸರು, ಇನ್ನೂರಿಪ್ಪತ್ತೈದು ಗ್ರಾಂ ಸಕ್ಕರೆ, ಒಂದು ಲೋಟಕ್ಕೆ ತುಸು ಕಡಿಮೆ ಎಣ್ಣೆ, ಮುಕ್ಕಾಲು ಚಮಚ ಅಡುಗೆ ಸೋಡಾ, ಎರಡು ಚಮಚ ಬೇಕಿಂಗ್ ಪೌಡರ್. ಹುಳಿ ಮೊಸರಿಗೆ ಸೋಡಾ ತಾಗಿದ ಕೂಡಲೇ ಹಿಟ್ಟು ಬುಸುಗುಟ್ಟಲು ಶುರುಮಾಡುತ್ತದೆ, ಆಗ ಫೋನು ಎತ್ತಬಾರದು. ಮೈದಾ ಹಾಕಿದ ಮೇಲೆ ಕಲಸುವ ಉತ್ಸಾಹವನ್ನೂ ಹಿಡಿದಿಟ್ಟುಕೊಳ್ಳಬೇಕು. ಚಪಾತಿ ಹಿಟ್ಟಿನಂತೆ ನಾದಿದರೆ ಜಿಗುಟು ಬಂದು ಕೇಕು ಚಪಾತಿಯ ಕಡೆಯೇ ವಾಲುತ್ತದೆ.

ಮಸಾಲೆಯ ಮಾತಿಗೆ ಬಂದೆ. ಚಹಾಕ್ಕೆ ಬೀಳುವುದೇ ಕೇಕಿಗೂ: ಏಲಕ್ಕಿ, ಚಕ್ಕೆ, ಲವಂಗ, ಒಣಶುಂಠಿ, ಜಾಯಿಕಾಯಿ, ನಾಲ್ಕಾರು ಕರಿಮೆಣಸು. ಚಕ್ಕೆಗೆ ನಮ್ಮ ಕಡೆ ದಾಲ್ಚಿನ್ನಿ. ಪೇಟೆಯಲ್ಲಿ ಸಿಗುವ ದಪ್ಪ ತೊಗಟೆ ಬಹುಪಾಲು ಕ್ಯಾಸಿಯಾ, ಖಾರ ಮೂಗಿಗೆ ಹೊಡೆಯುತ್ತದೆ. ಸಿಂಹಳದ ನಿಜವಾದ ದಾಲ್ಚಿನ್ನಿ ಕಾಗದದ ಸುರುಳಿಯ ಹಾಗೆ ತೆಳ್ಳಗೆ, ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತದೆ. ಕೇಕಿಗೆ ನನಗೆ ಒರಟು ಕ್ಯಾಸಿಯಾವೇ ಇಷ್ಟ. ಓವನ್ನಿನ ಕಾವಿನಲ್ಲಿ ಸೂಕ್ಷ್ಮದವರು ಬಾಳುವುದಿಲ್ಲ. ಲವಂಗ ನಾಲ್ಕೇ ನಾಲ್ಕು. ಮೊದಲ ಸಲ ಹತ್ತು ಹಾಕಿದ್ದೆ. ನಮ್ಮವರು ಒಂದು ತುಂಡು ತಿಂದು, ನಾಲಿಗೆ ಮರಗಟ್ಟಿಸಿಕೊಂಡು, "ಯಾರಿಗೆ ಹಲ್ಲುನೋವು?" ಎಂದು ಕೇಳಿದರು.

ಏಲಕ್ಕಿಯದು ಬೇರೆಯೇ ಪ್ರಕರಣ. ನಮ್ಮವರ ನಿವೃತ್ತಿಯ ದಿನ ಕಚೇರಿಯವರು ಶಾಲು ಹೊದೆಸಿ ಹಾವೇರಿಯ ಏಲಕ್ಕಿ ಹಾರ ಹಾಕಿದ್ದರು. ಹಾವೇರಿಯ ಹಾರ ಎಂದರೆ ಎದೆ ತುಂಬ ಬೀಳುವ ಹಾರ, ನಡುವೆ ಜರಿ, ಮಣಿ. ಅದು ನಮ್ಮ ಗೋಡ್ರೇಜ್ ಬೀರುವಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮೂರು ವರ್ಷ ತೂಗಿತು. ಡಬ್ಬಿಯಲ್ಲಿ ಏಲಕ್ಕಿ ಮುಗಿದ ಹೊತ್ತಿಗೆ ನನ್ನ ಕಣ್ಣು ಅದರ ಮೇಲೆ ಬಿತ್ತು. ಹಿಂಬದಿಯಿಂದ, ಯಾರಿಗೂ ಕಾಣದ ಕಡೆಯಿಂದ, ಹನ್ನೆರಡು ಕಾಯಿ ಬಿಡಿಸಿಕೊಂಡೆ. ಕುಟ್ಟಾಣಿಗೆ ಹಾಕಿ ಕುಟ್ಟಿದೆ. ಸದ್ದು ಬಂತು, ಘಮ ಬರಲಿಲ್ಲ. ಬೆಳ್ಳಗೆ ಕಾಣಲೆಂದು ಬಣ್ಣ ತೆಗೆಸಿಕೊಂಡು, ಮೂರು ವರ್ಷ ಕತ್ತಲಲ್ಲಿ ತೂಗಿದ ಆ ಕಾಯಿಗಳಲ್ಲಿ ಸನ್ಮಾನವಷ್ಟೇ ಉಳಿದಿತ್ತು. ಮಳೆಯಲ್ಲಿ ಕೊಡೆ ಹಿಡಿದು ದೇವರಾಜ ಮಾರುಕಟ್ಟೆಗೆ ಹೋಗಿ ಹಸಿರು ಏಲಕ್ಕಿ ತಂದೆ. ಹಾರ ಹನ್ನೆರಡು ಕಾಯಿ ಕಡಿಮೆಯಾಗಿ ಈಗಲೂ ತೂಗುತ್ತಿದೆ, ನಮ್ಮವರಿಗೆ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ನೂರೆಂಬತ್ತು ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ. ಹದಿನೈದಕ್ಕೆ ಚಕ್ಕೆ ಹಜಾರಕ್ಕೆ ಬರುತ್ತದೆ, ಇಪ್ಪತ್ತಕ್ಕೆ ಏಲಕ್ಕಿ ಮಹಡಿ ಹತ್ತುತ್ತದೆ. ಬೆಂದದ್ದು ನೋಡಲು ಒಂದು ಕಡ್ಡಿ ಸಾಕು, ಆ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಹೇಳಬೇಕಾದದ್ದು ಬೆಣ್ಣೆಯ ಕಥೆ.

ಚಹಾವನ್ನು ಬೆಣ್ಣೆಯೊಳಗೆ ಕೂಡಿಸುವುದು ಹೇಗೆ? ಮೊದಲು ದಡ್ಡತನದ ದಾರಿ ಹಿಡಿದೆ. ಚಹಾಪುಡಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಬೆಣ್ಣೆ, ಸಕ್ಕರೆ ಪುಡಿಯ ಜೊತೆ ಕಡೆದೆ. ತಿಂದರೆ ಕಪಿಲೆಯ ದಂಡೆಯ ಮೇಲೆ ಕೂತು ಬುತ್ತಿ ಉಂಡ ಹಾಗೆ, ಹಲ್ಲಿಗೆಲ್ಲ ಮರಳು. ಎರಡನೆಯದು ಸ್ವಲ್ಪ ಓದಿಕೊಂಡವರ ದಾರಿ: ಬೆಣ್ಣೆ ಕರಗಿಸಿ, ಅದರಲ್ಲಿ ಪುಡಿ ನೆನೆಯಿಟ್ಟು, ಸೋಸಿ, ಮತ್ತೆ ಗಟ್ಟಿ ಮಾಡುವುದು. ಇದರಲ್ಲಿ ಪರಿಮಳ ಬರುತ್ತದೆ, ಹೂವಿನಂಥ ನವಿರಾದ ಪರಿಮಳ. ಆದರೆ ಚಹಾದ ಒಗರು ನೀರಿಗೆ ಇಳಿಯುವಷ್ಟು ಜಿಡ್ಡಿಗೆ ಇಳಿಯುವುದಿಲ್ಲ. ಒಗರಿಲ್ಲದ ಚಹಾ ಯಾರಿಗೆ ಬೇಕು? ದೊಡ್ಡ ಎಲೆಯ ಸಾಚಾ ಚಹಾದವರಿಗೆ ಅದು ಒಪ್ಪಿಗೆಯಾದೀತು. ನಾನು ಬೆಳೆದದ್ದು ಗುಂಡು ಗುಂಡು ಸಿಟಿಸಿ ಪುಡಿಯಲ್ಲಿ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತುವ ಯಂತ್ರ ಬಂದ ಮೇಲೆ ಹುಟ್ಟಿದ ಚಹಾ ಅದು. ಹಾಲು ಸಕ್ಕರೆ ಎಷ್ಟು ಸುರಿದರೂ ತನ್ನ ದನಿ ಕಳೆದುಕೊಳ್ಳುವುದಿಲ್ಲ. ನಮ್ಮ ಕಡೆಯ ಹೆಂಗಸರ ಹಾಗೆ.

ಮೂರನೆಯ ದಾರಿ ಸಿಕ್ಕಿದ್ದು ಮಣ್ಣಿಯಿಂದ. ಅಮೆರಿಕದ ಹಳೆಯ ಅಡುಗೆಮನೆಗಳಲ್ಲಿ ಹಾಲು, ಸಕ್ಕರೆ, ಮೈದಾವನ್ನು ಮಣ್ಣಿಯಂತೆ ಕಾಯಿಸಿ, ಆರಿಸಿ, ಬೆಣ್ಣೆಗೆ ಸೇರಿಸಿ ಕಡೆಯುವ ಒಂದು ಕ್ರೀಮಿದೆ. ರೆಡ್ ವೆಲ್ವೆಟ್ ಕೇಕಿಗೆ ಹಿಂದೆ ಅದನ್ನೇ ಬಳಿಯುತ್ತಿದ್ದರಂತೆ. ಮೊಟ್ಟೆಯಿಲ್ಲ, ಬರೀ ಸಕ್ಕರೆ ಪುಡಿಯ ಗಂಟಲು ಕೆರೆಯುವ ಸಿಹಿಯೂ ಇಲ್ಲ. ಹಾಲಿನ ಬದಲು ಚಹಾವನ್ನೇ ಮಣ್ಣಿ ಮಾಡಿದರೆ?

ಹಾಲಿಟ್ಟೆ. ಶುಂಠಿ ತುರಿದು ಹಾಕಿದೆ. ಬಿಸಿಯೇರುತ್ತಿದ್ದಂತೆ ಹಾಲು ಒಡೆಯಿತು. ಪಾತ್ರೆ ತೊಳೆದು ಮತ್ತೆ ಇಟ್ಟೆ, ಮತ್ತೆ ಒಡೆಯಿತು. ಹಾಲಿನವನನ್ನು ಮನಸ್ಸಿನಲ್ಲಿ ಬೈದುಕೊಂಡು ಧಾರವಾಡಕ್ಕೆ ಫೋನು ಮಾಡಿದೆ.

"ಹಸಿ ಅಲ್ಲ ಹಾಲಿಗೆ ಹಾಕಿದಿ?" ಎಂದಳು ಅವ್ವ. ಮೂವತ್ತೊಂದು ವರ್ಷ ಮೈಸೂರಲ್ಲಿದ್ದು ಇವಳು ಹಾಳಾದಳು ಎಂಬ ಧ್ವನಿ. "ಮೊದಲ ನೀರಾಗ ಅಲ್ಲ ಕುದೀಬೇಕು. ಆಮ್ಯಾಲ ಪುಡಿ, ಸಕ್ರಿ. ಹಾಲು ಕಡೀಕ. ದಿನಾ ಮಾಡಾಕತ್ತಿದ್ದಿ, ಇವತ್ತ ಏನಾತು?"

ನಿಜ, ದಿನಾ ಹಾಗೆಯೇ ಮಾಡುತ್ತೇನೆ. ಕೇಕು ಎಂದೊಡನೆ ಕೈಗೆ ಗೊತ್ತಿದ್ದದ್ದು ತಲೆಗೆ ಮರೆತಿತ್ತು. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ. ನೀರಿನಲ್ಲಿ ಕುದಿಸಿದರೆ ಅದರ ಆಟ ಮುಗಿಯುತ್ತದೆ. ಚೀನಾದ ಗ್ವಾಂಗ್‌ಡಾಂಗ್ ಕಡೆಯವರು ಇದನ್ನೇ ಉಪಾಯ ಮಾಡಿಕೊಂಡು, ಶುಂಠಿ ರಸದ ಮೇಲೆ ಬಿಸಿ ಹಾಲು ಹೊಯ್ದು ಮೊಸರಿನಂತೆ ಹೆಪ್ಪುಗಟ್ಟಿಸಿ ತಿನ್ನುತ್ತಾರೆ. ಅವ್ವನಿಗೆ ಕಿಣ್ವವೂ ಗೊತ್ತಿಲ್ಲ, ಗ್ವಾಂಗ್‌ಡಾಂಗೂ ಗೊತ್ತಿಲ್ಲ, ಅವಳ ಹಾಲು ಒಂದು ದಿನವೂ ಒಡೆದಿಲ್ಲ.

ಅವ್ವನ ಕ್ರಮದಲ್ಲೇ ಮಾಡಿದೆ. ಸಣ್ಣ ಲೋಟ ನೀರಿನಲ್ಲಿ ಜಜ್ಜಿದ ಶುಂಠಿ ಕುದಿದು ಅರ್ಧಕ್ಕಿಳಿದ ಮೇಲೆ ನಾಲ್ಕು ಚಮಚ ಪುಡಿ. ಕುಡಿಯುವ ಚಹಾಕ್ಕೆ ಇಷ್ಟು ಹಾಕಿದರೆ ರಾತ್ರಿಯೆಲ್ಲ ಜಂತೆ ಎಣಿಸಬೇಕು, ಆದರೆ ಮುಂದೆ ಇದರ ಮೇಲೆ ಕಾಲು ಕಿಲೋ ಬೆಣ್ಣೆ ಬಂದು ಕೂರುವುದಿದೆ. ಹಾಲು ಹೊಯ್ದು, ಇನ್ನೆರಡು ಕುದಿ ಬರಿಸಿ, ಸೋಸಿ, ಪುಡಿಯನ್ನು ಚಮಚದ ಬೆನ್ನಿನಿಂದ ಒತ್ತಿ ಹಿಂಡಿ ಅಳೆದರೆ ಒಂದು ಲೋಟ, ಕಾಲು ಲೀಟರು. ಅದಕ್ಕೆ ಇನ್ನೂರು ಗ್ರಾಂ ಸಕ್ಕರೆ, ಐದು ಚಮಚ ಮೈದಾ. ಗಂಟಾಗದಂತೆ ಕೈಯಾಡಿಸುತ್ತ ಸಣ್ಣ ಉರಿಯಲ್ಲಿ ಕಾಯಿಸಿದರೆ, ಮಗುವಿಗೆ ರಾಗಿ ಮಣ್ಣಿ ಕಾಯಿಸಿದ ಅದೇ ಹದ, ಅದೇ ಪುಳಕ್ ಪುಳಕ್ ಗುಳ್ಳೆ. ಕೆನೆಗಟ್ಟದಿರಲೆಂದು ಮೇಲೊಂದು ತಟ್ಟೆಯನ್ನಲ್ಲ, ಪ್ಲಾಸ್ಟಿಕ್ ಹಾಳೆಯನ್ನೇ ಮಣ್ಣಿಗೆ ತಾಗುವಂತೆ ಹಾಸಿ ಆರಲು ಬಿಟ್ಟೆ.

ಬೆಣ್ಣೆ ನಂದಿನಿಯದು, ಉಪ್ಪಿಲ್ಲದ್ದು. ಮನೆಯಲ್ಲಿ ಕಡೆದ ಬೆಣ್ಣೆ ಇರುವಾಗ ಅಂಗಡಿಯದು ಯಾಕೆ ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಯ ಬೆಣ್ಣೆಯನ್ನು ಎಷ್ಟು ತೊಳೆದರೂ ಒಳಗೆ ನೀರು, ಮಜ್ಜಿಗೆ ಉಳಿದಿರುತ್ತದೆ. ದೋಸೆಯ ಮೇಲೆ ಅದೇ ಅದರ ಸೊಗಸು, ಕ್ರೀಮಿನಲ್ಲಿ ಅದೇ ಕಣ್ಣೀರಾಗಿ ಹರಿಯುತ್ತದೆ. ಬೆರಳಿಟ್ಟರೆ ಕುಳಿ ಬೀಳಬೇಕು, ಬೆರಳು ಜಿಡ್ಡಾಗಿ ಹೊಳೆಯಬಾರದು, ಅಷ್ಟು ಮೆತ್ತಗಿನ ಬೆಣ್ಣೆಯನ್ನು ಐದಾರು ನಿಮಿಷ ಕಡೆದರೆ ಹಳದಿ ಹೋಗಿ ಮಲ್ಲಿಗೆ ಮೊಗ್ಗಿನ ಬಣ್ಣಕ್ಕೆ ಬರುತ್ತದೆ. ಆಮೇಲೆ ಮಣ್ಣಿ, ಒಂದೊಂದೇ ಚಮಚ. ಮಣ್ಣಿ ಬಿಸಿಯಿದ್ದರೆ ಬೆಣ್ಣೆ ಸಾರಾಗುತ್ತದೆ, ಫ್ರಿಜ್ಜಿನಿಂದ ನೇರ ಬಂದರೆ ತರಿತರಿಯಾಗಿ ಒಡೆಯುತ್ತದೆ. ಎರಡೂ ಕೋಣೆಯ ಕಾವಿನಲ್ಲಿ ಒಂದಾಗಬೇಕು. ಹಾಗಿದ್ದೂ ಅರ್ಧ ದಾರಿಯಲ್ಲಿ ಒಂದು ಗಳಿಗೆ ಬರುತ್ತದೆ, ಎಲ್ಲ ಕೆಟ್ಟಿತು ಎನಿಸುವ ಹಾಗೆ ಬೇರೆಬೇರೆಯಾಗಿ ಕಾಣುತ್ತದೆ. ಆಗ ಮಿಕ್ಸರ್ ನಿಲ್ಲಿಸಿದವರು ಸೋತರು. ನಾನು ಕಣ್ಣುಮುಚ್ಚಿ ತಿರುಗಿಸಿದೆ. ಸದ್ದು ಬದಲಾಯಿತು, ಕಣ್ಣು ತೆಗೆದರೆ ಕೆನೆಯ ಹಾಗೆ ನಿಂತಿತ್ತು. ಬಣ್ಣ ಮಾತ್ರ ಒಗೆದು ಒಗೆದು ಮಾಸಿದ ಪೊಲೀಸ್ ಖಾಕಿ.

ಬೆರಳಲ್ಲಿ ತೆಗೆದು ನಾಲಿಗೆಗಿಟ್ಟೆ. ಮೊದಲು ಬೆಣ್ಣೆ, ಅದು ಕರಗುತ್ತ ಹಾಲು, ಅದರ ಹಿಂದೆ ತಣ್ಣಗೆ ಒಗರು, ಎಲ್ಲ ಹೋದ ಮೇಲೆ ಗಂಟಲಲ್ಲಿ ಅಲ್ಲದ ಕಾವು. ನಮ್ಮ ಮಾಳಮಡ್ಡಿಯ ಮನೆಯ ಹಿತ್ತಿಲ ಕಟ್ಟೆ, ಮಳೆ, ಬಶಿ. ಪಾತ್ರೆಯನ್ನು ಅಲ್ಲಿಯೇ ಖಾಲಿ ಮಾಡದೆ ಬಿಟ್ಟದ್ದು ನನ್ನ ದೊಡ್ಡತನ.

ಆರಿದ ಎರಡು ಕೇಕನ್ನು ಹೊಲಿಗೆ ದಾರ ಸುತ್ತಿ ಎಳೆದು ನಾಲ್ಕು ಪದರ ಮಾಡಿದೆ. ಚಾಕುವಿಗಿಂತ ದಾರ ನೇರ. ಪದರಕ್ಕೆ ಪದರಕ್ಕೆ ಕ್ರೀಮು ಬಳಿದು, ಹೊರಗೆ ಮೊದಲು ತೆಳ್ಳಗೆ ಒಂದು ಕೈ, ಗೋಡೆಗೆ ಪ್ರೈಮರ್ ಹೊಡೆದ ಹಾಗೆ, ಉದುರುವ ಪುಡಿಯೆಲ್ಲ ಅಲ್ಲೇ ಅಂಟಿಕೊಳ್ಳಲಿ ಎಂದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಎರಡನೆಯ ಕೈ. ಸ್ವಲ್ಪ ಎಡಕ್ಕೆ ವಾಲಿತ್ತು. ವಾಲಿದ ಕಡೆಯನ್ನು ಗೋಡೆಗೆ ತಿರುಗಿಸಿಟ್ಟೆ.

ಸಂಜೆ ಎಲ್ಲರೂ ತಿಂದರು. ನಮ್ಮವರು ಎರಡು ತುಂಡು ತಿಂದು, ಬಾಯಿ ಒರೆಸಿಕೊಂಡು, ಕಾಫಿ ಕೇಳಿದರು. ಎಂಬತ್ತನಾಲ್ಕರ ಅತ್ತೆ ಬೆರಳುದ್ದದ ತುಂಡನ್ನು ಬಹಳ ಹೊತ್ತು ಚಪ್ಪರಿಸಿದರು, ಏನೂ ಹೇಳಲಿಲ್ಲ. ಕಾಫಿಯವರ ಮೌನ ನನಗೆ ಹೊಸದಲ್ಲ. ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ದೋಸೆ. ಕಾವಲಿಯ ಮುಂದೆ ನಾನು, ಹಿಂದೆ ಮೇಜಿನ ಬಳಿ ಅತ್ತೆ. ಬೆಣ್ಣೆಯ ಬಟ್ಟಲು ಅವರ ಕೈಗೆಟುಕುವಂತೆ ಇಟ್ಟಿದ್ದೆ. ಫ್ರಿಜ್ಜಿನ ಬಾಗಿಲು ತೆಗೆದ ಸದ್ದಾಯಿತು. ತಿರುಗಿ ನೋಡಿದರೆ ಡಬ್ಬಿಯಲ್ಲಿ ಮಿಕ್ಕಿದ್ದ ಖಾಕಿ ಕ್ರೀಮನ್ನು ಅತ್ತೆ ಬಿಸಿ ದೋಸೆಯ ಮೇಲೆ ಹಾಕಿಕೊಂಡು, ಅದು ಕರಗಿ ತೂತುಗಳೊಳಗೆ ಇಳಿಯುವುದನ್ನು ನೋಡುತ್ತ ಕೂತಿದ್ದರು. ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು.

"ಎಲ್ಲ ಸರಿಯಾಗಿದೆ ಕಣಮ್ಮ" ಎಂದರು. "ಅಲ್ಲ ಸ್ವಲ್ಪ ಮುಂದಾಗಿದೆ."