ಗೆದ್ದದ್ದು ಕೆಂಡ್ರಿಕ್, ಸೋತದ್ದು ನಾನು!

ಮುಚ್ಚುಮರೆ ಯಾಕೆ? ನಾನು ರ‍್ಯಾಪ್ ಹಾಡುಗಾರ ಕೆಂಡ್ರಿಕ್ ಲಮಾರ್ ಕಡೆಯವನು. ನನ್ನ ರೂಮ್‌ಮೇಟ್ ಡ್ರೇಕ್‌ನ ಪರಮಭಕ್ತ. 2024ರ ಮೇ ತಿಂಗಳಲ್ಲಿ ಅಮೆರಿಕದ ಕೆಂಡ್ರಿಕ್, ಕೆನಡಾದ ಡ್ರೇಕ್ ಹಾಡು ಕಟ್ಟಿ ಬೈದಾಡಿಕೊಂಡಾಗ ನಮ್ಮ ರೂಮಿನಲ್ಲೂ ಮಹಾಯುದ್ಧ!

1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಹಿಪ್-ಹಾಪ್‌ಗೆ ಸವಾಲ್-ಜವಾಬ್ ಹೊಸದೇನಲ್ಲ. ಕೆಂಡ್ರಿಕ್‌ನ 'ನಾಟ್ ಲೈಕ್ ಅಸ್' ಅಂತೂ 2025ರ ಫೆಬ್ರವರಿಯಲ್ಲಿ 5 ಗ್ರ್ಯಾಮಿ ಬಾಚಿತು. ಅದೇ ತಿಂಗಳು ಸೂಪರ್ ಬೌಲ್ ಪಂದ್ಯದ ನಡುವೆ ಅವನು ಅದನ್ನು ಹಾಡಿದಾಗ ನಾನು ಮಂಚದ ಮೇಲೆ ಹತ್ತಿ ಕುಣಿದೆ.

ಆದರೆ ಆ ಹಾಡಿನಲ್ಲಿರೋದು ಬರೀ ಪ್ರಾಸವಲ್ಲ ಸ್ವಾಮಿ, ಒಬ್ಬನ ನಡತೆಯ ಮೇಲೆ ಘೋರ ಆರೋಪ. ಡ್ರೇಕ್ ಅದನ್ನು ಅಲ್ಲಗಳೆದ. ಇಬ್ಬರ ಹಾಡುಗಳನ್ನೂ ಮಾರುವ ಯೂನಿವರ್ಸಲ್ ಮ್ಯೂಸಿಕ್ ಕಂಪನಿಯ ಮೇಲೆ ಮಾನನಷ್ಟದ ಕೇಸು ಜಡಿದ. 2025ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶೆ ಅದನ್ನು ವಜಾ ಮಾಡಿದರು. ಕಾರಣ? ಇಂಥ ಜಗಳದ ಹಾಡನ್ನು ಕೇಳುವವರು ಅದರ ಮಾತನ್ನು ಅಭಿಪ್ರಾಯ ಅಂತ ತಿಳೀತಾರೆ, ನಡೆದ ಸಂಗತಿ ಅಂತ ಅಲ್ಲ.

ಸುದ್ದಿ ಓದಿ ಮೊದಲು ಕುಣಿದೆ. ಆಮೇಲೆ ತಲೆ ತಗ್ಗಿಸಿದೆ. ಆ ಆರೋಪವನ್ನು ಪ್ರತ್ಯಕ್ಷ ಕಂಡವನಂತೆ ಗೆಳೆಯನ ಮುಖಕ್ಕೆ ಎಸೆದಿದ್ದವನು ನಾನೇ! "ಇಂಥವನ ಅಭಿಮಾನಿ ನೀನೂ ಅಂಥವನೇ" ಅಂದಿದ್ದೆ. ಅಂದಿನಿಂದ ಅವನು ಮಾತು ಬಿಟ್ಟಿದ್ದ.

ಮೊನ್ನೆ ಎರಡು ಟೀ ತಂದು, "ತಪ್ಪಾಯ್ತು ಕಣೋ" ಅಂದೆ. ಅವನು ನಕ್ಕು, ಡ್ರೇಕ್ ಹಾಡು ಹಾಕಿದ. ಕೇಳಿದೆ. ಚೆನ್ನಾಗೇ ಇತ್ತು!

ಕೆಂಡ್ರಿಕ್‌ಗೆ ಈಗಲೂ ನನ್ನ ಜೈಕಾರ. ಆದರೆ ಅಭಿಮಾನಿಯಾದವನು ಚಪ್ಪಾಳೆ ಹೊಡೀಲಿ, ತೀರ್ಪು ಕೊಡೋದು ಬೇಡ. ಏನಂತೀರಿ?